ತೆಳು, ನೇರ ಕೂದಲು ಮಧ್ಯಾಹ್ನಕ್ಕೇ ನೆತ್ತಿಗೆ ಅಂಟಿಬಿಡುತ್ತದೆ. ಬುಡದಲ್ಲಿ ಉಬ್ಬು ನಿಲ್ಲಿಸುವುದು ಹೇಗೆ?

ತಿಳಿನೀರು:
ನಮಸ್ಕಾರ ಎಲ್ಲರಿಗೂ. ನನ್ನದು ಮೊದಲಿನಿಂದಲೂ ತೆಳು ಕೂದಲು. ನೇರ, ಜಾರುವಷ್ಟು ನುಣುಪು, ಬೆನ್ನಿನ ನಡುವಿನವರೆಗೆ ಉದ್ದ. ಬೆಳಿಗ್ಗೆ ತಲೆಸ್ನಾನ ಮಾಡಿ ಹೊರಟಾಗ ಪರವಾಗಿಲ್ಲ ಅನ್ನಿಸುತ್ತದೆ. ಮಧ್ಯಾಹ್ನ ಕನ್ನಡಿ ನೋಡಿದರೆ ಕೂದಲೆಲ್ಲ ನೆತ್ತಿಗೆ ಅಂಟಿ, ಬೈತಲೆ ಅಗಲವಾಗಿ, ಕಿವಿಯ ತುದಿ ಕೂದಲ ನಡುವಿಂದ ಇಣುಕುತ್ತಿರುತ್ತದೆ. ಫೋಟೋ ತೆಗೆಸಿಕೊಳ್ಳುವುದಕ್ಕೇ ಹಿಂಜರಿಕೆ. ಇದು ಸಣ್ಣ ವಿಷಯ ಅಂತ ಕೆಲವರು ಹೇಳಬಹುದು, ನನಗೆ ಸಣ್ಣದಲ್ಲ.

ಈಗ ಮಾಡುತ್ತಿರುವುದು ಇಷ್ಟು. ಮೂರು ದಿನಕ್ಕೊಮ್ಮೆ ಶಾಂಪೂ. ಸಿಕ್ಕು ಆಗುತ್ತದೆ ಅಂತ ಬುಡದಿಂದ ತುದಿಯವರೆಗೆ ಕಂಡಿಷನರ್. ಆಮೇಲೆ ಹೊಳಪಿಗೆ ಸೀರಮ್. ಟವೆಲ್ ಸುತ್ತಿಕೊಂಡು, ಹಾಗೇ ಗಾಳಿಗೆ ಒಣಗಿಸುತ್ತೇನೆ. ಬೈತಲೆ ಶಾಲೆಯ ದಿನಗಳಿಂದ ನಡುವಿಗೇ. "ವಾಲ್ಯೂಮ್" ಅಂತ ಬರೆದಿರುವ ಶಾಂಪೂ ಎರಡು ತಿಂಗಳು ಹಾಕಿದೆ, ಏನೂ ಗೊತ್ತಾಗಲಿಲ್ಲ. ಉಪ್ಪಿನ ಸ್ಪ್ರೇ ಹಾಕಿದೆ, ಕೂದಲು ಒರಟಾಯಿತು, ಆದರೂ ಮೇಲೆ ಏಳಲಿಲ್ಲ. ಉದ್ದ ಜಾಸ್ತಿ ಕಳೆದುಕೊಳ್ಳಲು ಮನಸ್ಸಿಲ್ಲ. ನಿಮ್ಮಲ್ಲಿ ಯಾರಿಗಾದರೂ ಸಂಜೆಯವರೆಗೆ ಉಬ್ಬು ನಿಂತಿದ್ದರೆ ಏನು ಮಾಡಿದಿರಿ ಅಂತ ದಯವಿಟ್ಟು ಬಿಡಿಸಿ ಬರೆಯಿರಿ.

ಇಬ್ಬನಿ:
ನಿಮ್ಮ ಪೋಸ್ಟ್ ಓದುತ್ತಾ ಎರಡು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ಮೊದಲು ಆ ಬುಡದ ಕಂಡಿಷನರ್ ನಿಲ್ಲಿಸಿ. ನಾಳೆಯಿಂದಲೇ. ಕಂಡಿಷನರ್ ಕಿವಿಯ ಕೆಳಗಿನ ಕೂದಲಿಗೆ ಮಾತ್ರ. ಸೀರಮ್ ಹಾಕಲೇಬೇಕು ಅಂದರೆ ತುದಿಗೆ ಒಂದೇ ಒಂದು ಹನಿ. ಹೆಚ್ಚಿನ ಸೀರಮ್‌ಗಳಲ್ಲಿ ಸಿಲಿಕೋನ್ ಇರುತ್ತದೆ, ಡೈಮೆಥಿಕೋನ್ ಅನ್ನುವ ಹೆಸರು ಡಬ್ಬಿಯ ಹಿಂದೆ ಕಾಣಿಸುತ್ತದೆ. ಅದು ಎಳೆಯ ಮೇಲೆ ಪೊರೆಯಾಗಿ ಕೂರುತ್ತದೆ. ದಪ್ಪ ಕೂದಲಿಗೆ ಅದು ಒಳ್ಳೆಯದೇ, ನಮ್ಮಂಥವರ ಕೂದಲಿಗೆ ಅದೇ ಭಾರ.

ನಾನು ಮಾಡುವ ಇನ್ನೊಂದು ಕೆಲಸ: ಕಂಡಿಷನರ್ ಮೊದಲು, ಶಾಂಪೂ ಆಮೇಲೆ. ಒದ್ದೆ ಕೂದಲಿನ ತುದಿಗೆ ಕಂಡಿಷನರ್ ಹಚ್ಚಿ ಸಿಕ್ಕು ಬಿಡಿಸಿ, ಎರಡು ನಿಮಿಷ ಬಿಟ್ಟು, ನಂತರ ಶಾಂಪೂ. ಸಿಕ್ಕೂ ಆಗುವುದಿಲ್ಲ, ಮೆತ್ತಗೆ ಅಂಟಿಕೊಳ್ಳುವುದೂ ಇಲ್ಲ.

ಕತ್ತರಿಕೈ:
ಹದಿನಾಲ್ಕು ವರ್ಷದಿಂದ ಕೂದಲು ಕತ್ತರಿಸುವ ಕೆಲಸ ನನ್ನದು. ಇಬ್ಬನಿಯವರು ಹೇಳಿದ್ದು ಸರಿ. ಆದರೆ ಅದಕ್ಕೂ ಮೊದಲು ಒಂದು ವಿಷಯ ತಿಳಿದುಕೊಳ್ಳಿ, ಏಕೆಂದರೆ ನನ್ನ ಕುರ್ಚಿಯಲ್ಲಿ ಕೂರುವ ಹತ್ತರಲ್ಲಿ ಎಂಟು ಮಂದಿ ಇದನ್ನೇ ಗೊಂದಲ ಮಾಡಿಕೊಂಡಿರುತ್ತಾರೆ. ಎಳೆ ತೆಳುವಾಗಿರುವುದು ಬೇರೆ, ಕೂದಲು ವಿರಳವಾಗಿರುವುದು ಬೇರೆ. ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡಿ. ಏನೂ ಸಿಕ್ಕಂತೆ ಅನ್ನಿಸದಿದ್ದರೆ ಎಳೆ ತೆಳು. ಇನ್ನು ಒಣಗಿದ ಕೂದಲನ್ನೆಲ್ಲ ಒಟ್ಟು ಮಾಡಿ ರಬ್ಬರ್ ಹಾಕಿ. ಜುಟ್ಟು ಮುಷ್ಟಿ ತುಂಬುತ್ತದೆಯೋ, ಬೆರಳಷ್ಟೇ ದಪ್ಪವೋ? ಎಳೆ ತೆಳುವಾಗಿದ್ದೂ ಸಂಖ್ಯೆ ತುಂಬಾ ಇರುವವರಿದ್ದಾರೆ. ಅವರಿಗೆ ಬೇಕಾದ್ದು ಭಾರ ಇಳಿಸುವುದು. ಸಂಖ್ಯೆಯೇ ಕಡಿಮೆ ಇದ್ದವರಿಗೆ ಭಾರ ಇಳಿಸಲು ಹೋಗಿ ಇರುವುದನ್ನೂ ಕತ್ತರಿಸಿ ಹಾಕಿದರೆ ತುದಿ ಇಲಿಬಾಲ ಆಗುತ್ತದೆ.

ನಿಮ್ಮದು ಯಾವುದು ಅಂತ ಹೇಳಿ, ಮುಂದಿನದು ಆಮೇಲೆ ಮಾತಾಡೋಣ.

ತಿಳಿನೀರು:
ಈಗಷ್ಟೇ ನೋಡಿದೆ. ಎಳೆ ಕೈಗೆ ಸಿಕ್ಕ ಹಾಗೇ ಅನ್ನಿಸುವುದಿಲ್ಲ. ಆದರೆ ಜುಟ್ಟು ನಾನು ಅಂದುಕೊಂಡಿದ್ದಕ್ಕಿಂತ ದಪ್ಪ ಇದೆ! ಇಷ್ಟು ವರ್ಷ ನನಗೆ ಕೂದಲೇ ಕಡಿಮೆ ಅಂದುಕೊಂಡಿದ್ದೆ.

ಎಳೆಲೆಕ್ಕ:
ಇದಕ್ಕೆ ಒಂದು ಸರಳ ಲೆಕ್ಕ ಇದೆ, ನಾನು ಓದಿದ್ದು ವಸ್ತುಗಳ ಬಲದ ಬಗ್ಗೆ, ಹಾಗಾಗಿ ಬರೆಯದೆ ಇರಲು ಆಗುತ್ತಿಲ್ಲ. ಒಂದು ದುಂಡಗಿನ ಕಡ್ಡಿ ಬಾಗದೆ ಎಷ್ಟು ಸೆಟೆದು ನಿಲ್ಲುತ್ತದೆ ಅನ್ನುವುದು ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪ ಅರ್ಧ ಆದರೆ ಸೆಡೆತ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೂದಲಿಗೂ ಇದೇ. 80 ಮೈಕ್ರಾನ್ ಎಳೆಯನ್ನೂ 50 ಮೈಕ್ರಾನ್ ಎಳೆಯನ್ನೂ ಹೋಲಿಸಿ ನೋಡಿ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ತೆಳು ಎಳೆಯ ತೂಕ ಸುಮಾರು ಎರಡೂವರೆ ಪಟ್ಟು ಕಡಿಮೆ. ಆದರೆ ಸೆಡೆತ ಸುಮಾರು ಆರೂವರೆ ಪಟ್ಟು ಕಡಿಮೆ. ಅಂದರೆ ತೆಳು ಎಳೆ ಹಗುರ ನಿಜ, ಆದರೆ ಆ ಹಗುರ ಮೈಯನ್ನೂ ಎತ್ತಿ ಹಿಡಿಯುವಷ್ಟು ಬಲ ಅದಕ್ಕಿಲ್ಲ. ಅದರ ಮೇಲೆ ಸಿಲಿಕೋನ್, ಎಣ್ಣೆ, ಜಿಡ್ಡು ಬಿದ್ದರೆ ಮುಗಿಯಿತು. ತಿಳಿನೀರು ಅವರೇ, ನೀವು ಏನೋ ತಪ್ಪು ಮಾಡಿದ್ದರಿಂದ ಕೂದಲು ಚಪ್ಪಟೆ ಆಗಿಲ್ಲ, ಅದರ ಗುಣವೇ ಹಾಗೆ.

ಇನ್ನೊಂದು ಮಾತು. ಕೂದಲಲ್ಲಿರುವುದು ಕೆರಾಟಿನ್ ಅನ್ನುವ ಪ್ರೋಟೀನ್. ಅದರ ಒಳಗೆ ಹೈಡ್ರೋಜನ್ ಬಂಧಗಳು ಇರುತ್ತವೆ. ನೀರು ತಾಗಿದಾಗ ಇವು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಕೂಡಿಕೊಳ್ಳುವ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿ ಇರುತ್ತದೋ ಅದೇ ಆಕಾರ ನಿಲ್ಲುತ್ತದೆ, ಮತ್ತೆ ಒದ್ದೆ ಆಗುವವರೆಗೆ. ಈಗ ಯೋಚಿಸಿ, ನೀವು ಟವೆಲ್ ಬಿಚ್ಚಿ, ನಡುವೆ ಬೈತಲೆ ತೆಗೆದು, ಕೂದಲು ನೆತ್ತಿಗೆ ಒರಗಿ ಮಲಗಿರುವಾಗಲೇ ಒಣಗಲು ಬಿಡುತ್ತೀರಿ. ಮಲಗಿದ ಆಕಾರವೇ ಗಟ್ಟಿಯಾಗುತ್ತದೆ. ಶಾಂಪೂ ಯಾವುದು ಅನ್ನುವುದಕ್ಕಿಂತ ಒಣಗುವ ಕೊನೆಯ ಹತ್ತು ನಿಮಿಷ ಕೂದಲ ಬುಡ ಯಾವ ಕಡೆಗೆ ಮುಖ ಮಾಡಿತ್ತು ಅನ್ನುವುದೇ ದೊಡ್ಡದು.

ತಿಳಿನೀರು:
ಇದನ್ನು ಮೂರು ಸಲ ಓದಿದೆ. ಯಾರೂ ಇಷ್ಟು ದಿನ ಹೀಗೆ ಹೇಳಿರಲಿಲ್ಲ. ತುಂಬಾ ಸಮಾಧಾನ ಆಯಿತು.

ಕತ್ತರಿಕೈ:
ಎಳೆಲೆಕ್ಕ ಅವರು ಹೇಳಿದ್ದನ್ನು ನಾವು ಕೈಯಿಂದ ಕಲಿತಿರುತ್ತೇವೆ, ಕಾರಣ ಗೊತ್ತಿರುವುದಿಲ್ಲ. ಈಗ ಕೈಯ ಕೆಲಸ ಹೇಳುತ್ತೇನೆ ಕೇಳಿ.

ತಲೆ ತೊಳೆದ ಮೇಲೆ ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ನೀರು ತೆಗೆಯಿರಿ. ಮೂಸ್, ಅಂದರೆ ಕೂದಲಿಗೆ ಹಚ್ಚುವ ನೊರೆ, ತೆಗೆದುಕೊಳ್ಳಿ, ಪಿಂಗ್ ಪಾಂಗ್ ಚೆಂಡಿನಷ್ಟು ಸಾಕು. ಅದನ್ನು ಬುಡಕ್ಕೆ, ಮುಖ್ಯವಾಗಿ ನೆತ್ತಿಯ ಮೇಲ್ಭಾಗಕ್ಕೆ ಬೆರಳಿಂದ ಹಚ್ಚಿ. ಮೂಸ್‌ನಲ್ಲಿ ಇರುವ ಪಾಲಿಮರ್ ಒಣಗಿದಾಗ ಎಳೆಯ ಸುತ್ತ ತೆಳು ಪೊರೆ ಕಟ್ಟುತ್ತದೆ. ಸೀರಮ್ ಪೊರೆ ಜಾರಿಸುತ್ತದೆ, ಇದು ಜಾರದಂತೆ ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ. ಆಮೇಲೆ ತಲೆ ಬಗ್ಗಿಸಿ, ಕೂದಲು ಮುಖದ ಮುಂದೆ ಇಳಿಬಿಟ್ಟು ಡ್ರೈಯರ್ ಹಿಡಿಯಿರಿ. ಡ್ರೈಯರ್ ಸುಮಾರು 15 ಸೆಂಟಿಮೀಟರ್ ದೂರ ಇರಲಿ, ಒಂದೇ ಕಡೆ ನಿಲ್ಲಿಸಬೇಡಿ. ಮುಕ್ಕಾಲು ಪಾಲು ಒಣಗುವವರೆಗೆ ಬೆರಳೇ ಸಾಕು, ಬ್ರಷ್ ಬೇಡ. ಹಸಿ ಕೂದಲಿಗೆ ಹೊತ್ತುಗಟ್ಟಲೆ ಬ್ರಷ್ ಹಾಕಿ ಎಳೆದರೆ ಕೈ ನೋಯುತ್ತದೆ, ಕೂದಲು ತುಂಡಾಗುತ್ತದೆ, ಲಾಭ ಇಲ್ಲ.

ಈಗ ತಲೆ ಎತ್ತಿ. ನೆತ್ತಿಯ ಮೇಲಿನ ಕೂದಲನ್ನು ಪಾಲು ಪಾಲಾಗಿ ತೆಗೆದು, ರೌಂಡ್ ಬ್ರಷ್ ಬುಡದ ಹತ್ತಿರ ಇಟ್ಟು, ಕೂದಲು ಬೀಳುವ ದಿಕ್ಕಿಗೆ ವಿರುದ್ಧವಾಗಿ ಎತ್ತಿ ಒಣಗಿಸಿ. ಬಲಕ್ಕೆ ಬೀಳುವುದನ್ನು ಎಡಕ್ಕೆ, ಎಡಕ್ಕೆ ಬೀಳುವುದನ್ನು ಬಲಕ್ಕೆ. ಬಿಸಿಯಾದ ಪಾಲಿಗೆ ತಣ್ಣನೆ ಗಾಳಿಯ ಗುಂಡಿ ಒತ್ತಿ, ಹತ್ತು ಸೆಕೆಂಡ್ ಹಾಗೇ ಹಿಡಿಯಿರಿ. ಬಿಸಿ ಇರುವಾಗಲೇ ಬ್ರಷ್ ಬಿಟ್ಟರೆ ಕೂದಲು ಅಲ್ಲೇ ಕುಸಿಯುತ್ತದೆ. ಎಲ್ಲರೂ ಅವಸರ ಪಡುವುದು ಇಲ್ಲಿಯೇ.

ಸಮಯ ಇದ್ದರೆ ಇನ್ನೂ ಒಂದು. ಒಣಗಿ ಬಿಸಿಯಾಗಿರುವ ಕೂದಲಿಗೆ, ನೆತ್ತಿಯ ಮೇಲೆ ಮುಂದಿನಿಂದ ಹಿಂದಕ್ಕೆ ಮೂರು ದೊಡ್ಡ ವೆಲ್ಕ್ರೋ ರೋಲರ್. ಕೂದಲನ್ನು ನೇರ ಮೇಲಕ್ಕೆ ಎತ್ತಿ ಸುತ್ತಿದರೆ ರೋಲರ್ ಅದರ ಬುಡದ ಮೇಲೆಯೇ ಕೂರುತ್ತದೆ. ಹದಿನೈದು ನಿಮಿಷ ಹಾಗೇ ಬಿಡಿ, ಅಷ್ಟರಲ್ಲಿ ಬಟ್ಟೆ ಹಾಕಿಕೊಳ್ಳಿ, ಬೇರೆ ಕೆಲಸ ನೋಡಿ. ಪೂರ್ತಿ ತಣ್ಣಗಾದ ಮೇಲೆ ತೆಗೆಯಿರಿ. ಬೆರಳಿಂದ ಸರಿಮಾಡಿ, ಬಾಚಣಿಗೆ ಹಾಕಬೇಡಿ.

ಹೊಂಗೆನೆರಳು:
ಡ್ರೈಯರ್ ಇಲ್ಲದವರಿಗೆ ಏನು? ನನಗೆ ಬಿಸಿಗಾಳಿ ಆಗುವುದಿಲ್ಲ, ನೆತ್ತಿ ಉರಿಯುತ್ತದೆ.

ಇಬ್ಬನಿ:
ತಣ್ಣನೆ ಗಾಳಿಯಲ್ಲೇ ಒಣಗಿಸಬಹುದು, ಹೊತ್ತು ಹಿಡಿಯುತ್ತದೆ ಅಷ್ಟೇ. ಇಲ್ಲದಿದ್ದರೆ ಮುಕ್ಕಾಲು ಒಣಗಿದಾಗ ನೆತ್ತಿಯ ಮೇಲಿನ ಕೂದಲಿನ ಬುಡವನ್ನು ಎತ್ತಿ ಸಣ್ಣ ಕ್ಲಿಪ್ ಸಿಕ್ಕಿಸಿ, ನಾಲ್ಕೈದು ಕಡೆ. ಪೂರ್ತಿ ಒಣಗುವವರೆಗೆ ಬಿಡಿ. ಎಳೆಲೆಕ್ಕ ಅವರು ಹೇಳಿದ ಲೆಕ್ಕವೇ, ಬಿಸಿ ಇರಲೇಬೇಕು ಅಂತ ಇಲ್ಲ. ಎದ್ದು ನಿಂತ ಆಕಾರದಲ್ಲಿ ಒಣಗಬೇಕು ಅನ್ನುವುದು ಮುಖ್ಯ. ಬೈತಲೆಯನ್ನೂ ಬದಲಾಯಿಸಿ. ತಿಳಿನೀರು ಅವರ ನಡು ಬೈತಲೆಗೆ ಇಷ್ಟು ವರ್ಷ ಆಗಿದೆ, ಅಲ್ಲಿನ ಕೂದಲು ಹಾಗೇ ಮಲಗಿ ಅಭ್ಯಾಸ ಆಗಿಬಿಟ್ಟಿದೆ. ಒಂದು ಬೆರಳಷ್ಟು ಪಕ್ಕಕ್ಕೆ ತೆಗೆದರೂ ತಕ್ಷಣ ಏಳುತ್ತದೆ.

ಒಂಟಿಪಯಣಿಗ:
ಗಂಡಸರಿಗೂ ಇದೇ ಗೋಳು ಇದೆ, ಮಾತಾಡುವವರು ಕಡಿಮೆ. ನನ್ನ ಕೂದಲು ಗಿಡ್ಡ, ಆದರೂ ಹಣೆಗೆ ಅಂಟಿಕೊಳ್ಳುತ್ತಿತ್ತು. ಹೊಳೆಯುವ ಜೆಲ್, ಮೇಣ ಎಲ್ಲ ಬಿಟ್ಟೆ. ಪ್ರತಿದಿನ ತಲೆ ತೊಳೆಯುತ್ತೇನೆ. ದಿನಾ ತೊಳೆದರೆ ಉದುರುತ್ತದೆ ಅಂತ ಮನೆಯಲ್ಲಿ ಹೆದರಿಸಿದ್ದರು, ಹಾಗೇನೂ ಆಗಲಿಲ್ಲ. ತೊಳೆಯುವಾಗ ಕೈಗೆ ಬರುವುದು ಆಗಲೇ ಬುಡ ಬಿಟ್ಟಿದ್ದ ಕೂದಲು.

ಎಳೆಲೆಕ್ಕ:
ನಿಜ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲಿನಲ್ಲಿ ಜಿಡ್ಡು ಬುಡದಿಂದ ಕೆಳಕ್ಕೆ ಸಲೀಸಾಗಿ ಇಳಿಯುತ್ತದೆ, ಗುಂಗುರಿನಲ್ಲಿ ಇಳಿಯುವಷ್ಟು ಕಷ್ಟ ಇಲ್ಲ. ಜಿಡ್ಡು ಪಕ್ಕಪಕ್ಕದ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ನೂರು ಎಳೆ ಬಿಡಿಬಿಡಿಯಾಗಿ ಹಿಡಿಯುವ ಜಾಗ ದೊಡ್ಡದು, ಅದೇ ನೂರು ಎಳೆ ಹತ್ತು ಗುಂಪಾದರೆ ನೆತ್ತಿ ಕಾಣಿಸುತ್ತದೆ. ಹಾಗಾಗಿ ತಿಳಿನೀರು ಅವರಿಗೆ ಮೂರು ದಿನ ಜಾಸ್ತಿ ಆಯಿತು ಅನ್ನಿಸುತ್ತದೆ. ದಿನ ಬಿಟ್ಟು ದಿನ ತೊಳೆದು ನೋಡಿ.

ನೇರಳೆಹೂ:
ಉದ್ದ ಕಳೆದುಕೊಳ್ಳಲು ಮನಸ್ಸಿಲ್ಲ ಅಂದಿದ್ದೀರಿ, ಲೇಯರ್ ಕಟ್ ಮಾಡಿಸಿ. ನನಗೆ ತುಂಬಾ ಚೆನ್ನಾಗಿ ಬಂತು.

ಕತ್ತರಿಕೈ:
ನೇರಳೆಹೂ ಅವರೇ, ನಿಮಗೆ ಬಂದಿರಬಹುದು, ಎಲ್ಲರಿಗೂ ಹೇಳಲು ನನಗೆ ಭಯ. ತೆಳು ಎಳೆಗೆ ತುಂಬಾ ಲೇಯರ್ ಕೊಟ್ಟರೆ ಮೇಲೆ ಸ್ವಲ್ಪ ಏಳುತ್ತದೆ, ಕೆಳಗೆ ತುದಿಯಲ್ಲಿ ಬೆಳಕು ಹಾಯುವಷ್ಟು ಖಾಲಿ ಆಗುತ್ತದೆ. ಹಲ್ಲಿನ ಕತ್ತರಿ ಹಾಕಿ ತೆಳು ಮಾಡುವವರನ್ನಂತೂ ತಡೆಯಿರಿ.

ನೇರಳೆಹೂ:
ಆದರೆ ಒಂದೇ ಮಟ್ಟಕ್ಕೆ ಕತ್ತರಿಸಿದರೆ ಹಲಗೆಯ ಹಾಗೆ ಕಾಣುವುದಿಲ್ಲವೇ? ನನಗೆ ಮೊದಲು ಹಾಗೇ ಇತ್ತು. ಮುಖದ ಸುತ್ತ ಮೆಟ್ಟಿಲು ಮಾಡಿಸಿದ ಮೇಲೆಯೇ ಜೀವ ಬಂದಿದ್ದು.

ಕತ್ತರಿಕೈ:
ಅದನ್ನು ಒಪ್ಪುತ್ತೇನೆ. ಮುಖದ ಸುತ್ತ ಒಂದೆರಡು ಉದ್ದದ ಲೇಯರ್, ಉಳಿದದ್ದು ತುದಿ ನೇರವಾಗಿ ಕತ್ತರಿಸಿದ್ದು. ನಮ್ಮಿಬ್ಬರ ಮಾತೂ ಇಲ್ಲಿ ಸೇರುತ್ತದೆ. ತಿಳಿನೀರು ಅವರ ಜುಟ್ಟು ದಪ್ಪ ಇದೆ, ಅವರಿಗೆ ಇದು ಹೊಂದುತ್ತದೆ. ಉದ್ದವನ್ನು ಬೆನ್ನಿನ ನಡುವಿನಿಂದ ಭುಜದ ಸ್ವಲ್ಪ ಕೆಳಕ್ಕೆ ತಂದರೆ ಬುಡದ ಮೇಲೆ ತೂಗುವ ಭಾರ ಅರ್ಧದಷ್ಟು ಇಳಿಯಬಹುದು. ಕತ್ತರಿಸಿ ಅಂತ ಒತ್ತಾಯ ಮಾಡುವುದಿಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ, ಒಂದು ಗೇಣು ಕತ್ತರಿಸಿದರೆ ವಾಪಸು ಬರಲು ಒಂದೂವರೆ ವರ್ಷ ಬೇಕು. ಮೊದಲು ಒಣಗಿಸುವ ಕ್ರಮ ಬದಲಿಸಿ, ಒಂದು ತಿಂಗಳು ನೋಡಿ, ಆಮೇಲೆ ಕತ್ತರಿ.

ಸಂಜೆಗೆಂಪು:
ಪರ್ಮ್, ಅಂದರೆ ಔಷಧಿ ಹಾಕಿ ಕೂದಲಿನ ಆಕಾರ ಬದಲಿಸುವುದು, ಅದರ ಬಗ್ಗೆ ಯಾರೂ ಹೇಳಲಿಲ್ಲ. ಬುಡಕ್ಕೆ ಮಾತ್ರ ಮಾಡುವ ರೂಟ್ ಪರ್ಮ್ ಅಂತ ಇದೆ. ನಾನು ಮಾಡಿಸಿದ್ದೆ. ಒಂದು ಸಲೂನ್‌ನಲ್ಲಿ ಔಷಧಿಯನ್ನು ಹೊತ್ತು ಮೀರಿ ಬಿಟ್ಟರು. ಅದಕ್ಕೆ ಹಿಂದಿನ ತಿಂಗಳೇ ಬ್ಲೀಚ್ ಮಾಡಿಸಿ ಕೂದಲಿನ ಬಣ್ಣ ತೆಗೆಸಿದ್ದೆ, ಅವರು ಅದನ್ನು ಕೇಳಲೇ ಇಲ್ಲ, ನಾನೂ ಹೇಳಲಿಲ್ಲ. ನೆತ್ತಿಯ ಮೇಲೆ ಎರಡು ಬೆರಳಗಲ ಜಾಗದಲ್ಲಿ ಕೂದಲು ಬುಡದ ಹತ್ತಿರವೇ ಮುರಿದು ಹೋಯಿತು. ಅಳುತ್ತಾ ಮನೆಗೆ ಬಂದಿದ್ದೆ. ಬೆಳೆದು ಸರಿಹೋಗಲು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಎಳೆಲೆಕ್ಕ:
ತುಂಬಾ ಬೇಜಾರಾಯಿತು ಓದಿ. ಪರ್ಮ್ ಮುಟ್ಟುವುದು ಹೈಡ್ರೋಜನ್ ಬಂಧವನ್ನಲ್ಲ, ಗಂಧಕದ ಬಂಧವನ್ನು. ಥಯೋಗ್ಲೈಕೋಲೇಟ್ ಅನ್ನುವ ರಾಸಾಯನಿಕ ಅದನ್ನು ಬಿಡಿಸುತ್ತದೆ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹೊಸ ಆಕಾರದಲ್ಲಿ ಮತ್ತೆ ಕೂಡಿಸುತ್ತದೆ. ಬ್ಲೀಚ್ ಆದ ಕೂದಲಲ್ಲಿ ಆ ಬಂಧಗಳಿಗೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಅದರ ಮೇಲೆ ಇನ್ನೊಂದು ಪೆಟ್ಟು ತಡೆಯುವುದಿಲ್ಲ.

ಕತ್ತರಿಕೈ:
ಸಂಜೆಗೆಂಪು ಅವರೇ, ಕೇಳಬೇಕಾದದ್ದು ಅವರ ಕೆಲಸ, ನಿಮ್ಮ ತಪ್ಪಲ್ಲ. ಮಾಡಿಸಬೇಕೆಂದಿರುವವರು ಹಿಂದೆ ಹಾಕಿಸಿದ ಬಣ್ಣ, ಬ್ಲೀಚ್, ಸ್ಟ್ರೇಟನಿಂಗ್ ಎಲ್ಲ ಮೊದಲೇ ಹೇಳಿ, ಒಂದು ಸಣ್ಣ ಎಳೆಯ ಮೇಲೆ ಪರೀಕ್ಷೆ ಮಾಡಿ ಅಂತ ಕೇಳಿ. ಮತ್ತೆ ಇದು ಬುಡದ ಕೆಲಸ ಆದ್ದರಿಂದ ಮೂರು ತಿಂಗಳಿಗೆ ಆ ಉಬ್ಬು ಮೂರು ಸೆಂಟಿಮೀಟರ್ ಕೆಳಕ್ಕೆ ಇಳಿದಿರುತ್ತದೆ, ಬುಡ ಮತ್ತೆ ಚಪ್ಪಟೆ. ಇಷ್ಟಕ್ಕೆ ಅಷ್ಟು ರಾಸಾಯನಿಕ ಬೇಕಾ ಅಂತ ಯೋಚಿಸಿ.

ಹೊಂಗೆನೆರಳು:
ಹಿಮ್ಮುಖವಾಗಿ ಬಾಚಿ ಪಫ್ ಮಾಡುವುದು?

ಕತ್ತರಿಕೈ:
ಅಪರೂಪಕ್ಕೆ, ಸಮಾರಂಭಕ್ಕೆ ಸರಿ. 1960ರಲ್ಲಿ ಶಿಕಾಗೋದ ಕೇಶ ವಿನ್ಯಾಸಕಿ ಮಾರ್ಗರೆಟ್ ವಿಂಚಿ ಹೆಲ್ಟ್ ಮಾಡಿದ ಬೀಹೈವ್, ಅಂದರೆ ಜೇನುಗೂಡಿನಂತೆ ಎತ್ತರದ ತಲೆಕಟ್ಟು, ನಿಂತಿದ್ದೇ ಹಿಮ್ಮುಖ ಬಾಚಣಿಗೆ ಮತ್ತು ಸ್ಪ್ರೇ ಮೇಲೆ. ಆದರೆ ಕೂದಲಿನ ಹೊರಪದರದ ಹುರುಪೆಗಳು ಬುಡದಿಂದ ತುದಿಯ ಕಡೆಗೆ ಹೆಂಚಿನಂತೆ ಜೋಡಿಸಿರುತ್ತವೆ. ವಿರುದ್ಧ ಬಾಚಿದರೆ ಅವು ಎದ್ದು ಒಡೆಯುತ್ತವೆ. ದಿನಾ ಬೇಡ. ಬಿಡಿಸುವಾಗ ತುದಿಯಿಂದ ಶುರುಮಾಡಿ.

ಹಸಿರೆಲೆ:
ಒಂದು ವಿಷಯ ಸೇರಿಸಬೇಕು. ಯಾರಿಗಾದರೂ ಕೂದಲು ಮೊದಲು ತುಂಬಿದಂತಿದ್ದು, ಇತ್ತೀಚೆಗೆ ಚಪ್ಪಟೆ ಆಗಿದ್ದರೆ ದಯವಿಟ್ಟು ಸುಮ್ನೆ ಮೂಸ್ ಹಚ್ಚಿಕೊಂಡು ಕೂರಬೇಡಿ. ನನಗೆ ಹೆರಿಗೆಯಾಗಿ ಮೂರು ತಿಂಗಳಿಗೆ ಕೈತುಂಬ ಉದುರತೊಡಗಿತು. ಜೋರು ಜ್ವರ, ಆಪರೇಷನ್, ತೂಕ ಬೇಗ ಇಳಿಸಿದ್ದು, ಇವಕ್ಕೂ ಹೀಗೇ ಎರಡು ಮೂರು ತಿಂಗಳ ಮೇಲೆ ಉದುರುವುದಿದೆ. ಸಾಮಾನ್ಯವಾಗಿ ಆರು ತಿಂಗಳ ಒಳಗೆ ಕಡಿಮೆ ಆಗುತ್ತದೆ. ನನಗೆ ಕಬ್ಬಿಣದ ಅಂಶವೂ ಕಡಿಮೆ ಇತ್ತು, ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಥೈರಾಯ್ಡ್ ಕೂಡ ನೋಡಿಸಿ. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲ ಆಗುತ್ತಿದ್ದರೆ ಅದು ಬೇರೆ ಕಾರಣ, ಚರ್ಮದ ವೈದ್ಯರ ಹತ್ತಿರ ಬೇಗ ಹೋದಷ್ಟೂ ಒಳ್ಳೆಯದು.

ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನಾನೂ ನುಂಗಿದ್ದೆ. ಕೊರತೆ ಇಲ್ಲದವರಿಗೆ ಅದರಿಂದ ಲಾಭ ಆಗುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ವೈದ್ಯರು ಹೇಳಿದರು. ಅಷ್ಟೇ ಅಲ್ಲ, ಅದು ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮೊದಲು ವೈದ್ಯರಿಗೆ ಹೇಳಿ.

ತಿಳಿನೀರು:
ಹಸಿರೆಲೆ ಅವರೇ, ಬರೆದಿದ್ದಕ್ಕೆ ತುಂಬಾ ಧನ್ಯವಾದ. ನನ್ನದು ಚಿಕ್ಕಂದಿನಿಂದ ಹೀಗೇ, ಹಳೆಯ ಫೋಟೋ ತೆಗೆದು ಬೈತಲೆ ಹೋಲಿಸಿ ನೋಡಿದೆ, ಬದಲಾಗಿಲ್ಲ. ನಾಳೆಯಿಂದ ಶುರು ಮಾಡುತ್ತೇನೆ.

ತಿಳಿನೀರು:
ಐದು ವಾರ ಆಯಿತು. ಹೇಗೆ ಆಯಿತು ಅಂತ ಬರೆಯುತ್ತೇನೆ ಅಂದುಕೊಂಡಿದ್ದೆ, ಇದೋ.

ಮೊದಲ ವಾರ ಹಳೆಯ ಪೊರೆ ತೆಗೆಯಲು ಕ್ಲಾರಿಫೈಯಿಂಗ್ ಶಾಂಪೂ ಒಂದೇ ಸಲ ಹಾಕಿದೆ. ಕೂದಲು ಮುಟ್ಟಿದರೆ ಕಿರ್ ಅನ್ನುವಂತೆ ಆಯಿತು, ಸ್ವಲ್ಪ ಹೆದರಿದೆ. ಆದರೆ ಒಣಗಿದ ಮೇಲೆ ಎಳೆ ಎಳೆ ಬಿಡಿಯಾಗಿತ್ತು, ಅದು ನನಗೆ ಹೊಸದು. ಆಮೇಲೆ ದಿನ ಬಿಟ್ಟು ದಿನ ಸಾದಾ ಶಾಂಪೂ, ಕಂಡಿಷನರ್ ಮೊದಲು. ಸೀರಮ್ ನಿಲ್ಲಿಸಿದೆ.

ಒಣಗಿಸುವುದು ಮೊದಮೊದಲು ಬರಲಿಲ್ಲ. ಮೂಸ್ ಜಾಸ್ತಿ ಹಾಕಿ ಕೂದಲು ಕಡ್ಡಿಯಾಯಿತು. ಎರಡನೇ ವಾರ ಬ್ರಷ್‌ಗೆ ಕೂದಲು ಸಿಕ್ಕಿಹಾಕಿಕೊಂಡು ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಚಿಕ್ಕ ಬ್ರಷ್ ಬಿಟ್ಟು ದೊಡ್ಡದು ತಂದೆ, ಪಾಲುಗಳನ್ನು ಸಣ್ಣ ಮಾಡಿದೆ. ತಣ್ಣನೆ ಗಾಳಿ ಹಿಡಿಯುವುದನ್ನು ಕಲಿತ ದಿನ ವ್ಯತ್ಯಾಸ ಕಣ್ಣಿಗೆ ಕಂಡಿತು. ಆ ದಿನ ಸಂಜೆ ಏಳು ಗಂಟೆಗೆ ಕನ್ನಡಿಯ ಮುಂದೆ ನಿಂತು ಬೆರಳು ಹಾಕಿ ನೋಡಿದೆ, ನೆತ್ತಿಗೂ ಕೂದಲಿಗೂ ನಡುವೆ ಜಾಗ ಇತ್ತು. ಕಣ್ಣು ತುಂಬಿ ಬಂತು, ನಿಜವಾಗಿ.

ಬೈತಲೆ ಎಡಕ್ಕೆ ತೆಗೆಯುತ್ತಿದ್ದೇನೆ. ಮೂರನೇ ವಾರ ಮುಖದ ಸುತ್ತ ಎರಡು ಉದ್ದದ ಲೇಯರ್, ತುದಿ ನೇರ, ಉದ್ದದಲ್ಲಿ ನಾಲ್ಕು ಬೆರಳು ಮಾತ್ರ ಕಡಿಮೆ ಮಾಡಿಸಿದೆ. ತೇವದ ದಿನಗಳಲ್ಲಿ ಇನ್ನೂ ಕುಸಿಯುತ್ತದೆ. ಎರಡನೇ ದಿನವೂ ಬೆಳಿಗ್ಗೆ ಚಪ್ಪಟೆ ಇರುತ್ತದೆ. ಅದಕ್ಕೇನಾದರೂ ಉಪಾಯ ಇದೆಯಾ?

ಇಬ್ಬನಿ:
ಓದಿ ಎಷ್ಟು ಖುಷಿಯಾಯಿತು ಗೊತ್ತಾ! ಎರಡನೇ ದಿನಕ್ಕೆ ಡ್ರೈ ಶಾಂಪೂ. ಅದರಲ್ಲಿ ಇರುವ ಪಿಷ್ಟ ಜಿಡ್ಡು ಹೀರುತ್ತದೆ. ಜಿಡ್ಡಾದ ಮೇಲೆ ಅಲ್ಲ, ಹಿಂದಿನ ರಾತ್ರಿಯೇ ಹಾಕಿ. ಒಂದು ಗೇಣು ದೂರದಿಂದ ಬುಡಕ್ಕೆ ಎರಡು ಮೂರು ಕಡೆ ಸಿಂಪಡಿಸಿ, ಎರಡು ನಿಮಿಷ ಬಿಟ್ಟು ಬೆರಳಿಂದ ತಿಕ್ಕಿ. ಬೆಳಿಗ್ಗೆ ಬ್ರಷ್ ಮಾಡಿ. ಎರಡು ದಿನಕ್ಕಿಂತ ಜಾಸ್ತಿ ಅದರ ಮೇಲೇ ದಿನ ತಳ್ಳಬೇಡಿ, ಅದು ತೊಳೆಯುವುದಕ್ಕೆ ಬದಲಿ ಅಲ್ಲ.

ಕತ್ತರಿಕೈ:
ರಾತ್ರಿ ಮಲಗುವಾಗ ಕೂದಲನ್ನು ನೆತ್ತಿಯ ಮೇಲೆ ಸಡಿಲವಾಗಿ ಗಂಟು ಹಾಕಿ, ಬಟ್ಟೆಯ ರಬ್ಬರ್ ಇರಲಿ. ಬುಡ ಎದ್ದು ನಿಂತೇ ರಾತ್ರಿ ಕಳೆಯುತ್ತದೆ. ಬಿಗಿ ಮಾತ್ರ ಬೇಡ, ದಿನಾ ಬಿಗಿಯಾಗಿ ಎಳೆದರೆ ಹಣೆಯ ಅಂಚಿನ ಕೂದಲು ಹೋಗುತ್ತದೆ. ತೇವದ ದಿನಕ್ಕೆ ಮೂಸ್ ಮೇಲೆ ಕೊನೆಗೆ ಸ್ವಲ್ಪ ಹೇರ್ ಸ್ಪ್ರೇ, ಮೇಲಿನಿಂದ ಅಲ್ಲ, ಕೂದಲು ಎತ್ತಿ ಒಳಗಿನಿಂದ.

ಒಂಟಿಪಯಣಿಗ:
ಹೆಲ್ಮೆಟ್ ಹಾಕುವವರಿಗೂ ಒಂದು ಮಾತು ಸೇರಿಸಿ, ಇಳಿದ ಕೂಡಲೇ ಮತ್ತೆ ಚಪ್ಪಟೆ.

ಕತ್ತರಿಕೈ:
ಹಾಕುವ ಮೊದಲು ಕೂದಲು ಪೂರ್ತಿ ಒಣಗಿರಲಿ, ಸ್ವಲ್ಪ ಹಸಿ ಇದ್ದರೂ ಹೆಲ್ಮೆಟ್ಟಿನ ಆಕಾರವೇ ನಿಲ್ಲುತ್ತದೆ. ಬೈತಲೆಯನ್ನು ಬೇಕಾದ ಕಡೆಗಿಂತ ಎದುರು ಕಡೆ ತೆಗೆದು ಹಾಕಿಕೊಳ್ಳಿ. ಇಳಿದ ಮೇಲೆ ತಲೆ ಬಗ್ಗಿಸಿ, ಬೆರಳ ತುದಿಗೆ ಸ್ವಲ್ಪ ನೀರು ಮಾಡಿಕೊಂಡು ಬುಡ ತಿಕ್ಕಿ, ಬೈತಲೆ ಮತ್ತೆ ನಿಮ್ಮ ಕಡೆಗೆ ತಿರುಗಿಸಿ, ಒಣಗುವವರೆಗೆ ಎತ್ತಿ ಹಿಡಿಯಿರಿ. ಗಿಡ್ಡ ಕೂದಲಿಗೆ ಎರಡು ನಿಮಿಷ ಸಾಕು.

ಒಂಟಿಪಯಣಿಗ:
ನಾಳೆ ಬೆಳಿಗ್ಗೆಯೇ ಮಾಡಿ ನೋಡಿ ಇಲ್ಲಿಗೆ ಬಂದು ಹೇಳುತ್ತೇನೆ.